ಪಂಚಮಿ ಜೋಕಾಲಿಗೆ ಏರಿದ ಆಂಟೆನಾ

ಮೊನ್ನೆ ಅಂಗಡಿಯ ಅಟ್ಟದ ಮೇಲೆ ಕೂತು ಒಂದು ವಾಕಿಟಾಕಿಯ ಕಿತ್ತುಹೋದ ತಂತಿಗೆ ಸೋಲ್ಡರ್ ಹಾಕುತ್ತಿದ್ದೆ. ಕಾದ ಕಡ್ಡಿ ರಾಳಕ್ಕೆ ತಾಗಿದೊಡನೆ ಏಳುವ ಬಿಳಿ ಹೊಗೆಗೆ ತನ್ನದೇ ಒಂದು ವಾಸನೆ ಇದೆ. ಗುಡಿಯ ಧೂಪಕ್ಕೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನದು. ಕೆಳಗೆ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ ಹೆಂಡತಿ ಅಲ್ಲಿಂದಲೇ ಕೂಗಿದಳು: "ಹೊಸಾ ಸೀರಿಗೆಲ್ಲಾ ಆ ವಾಸನಿ ಹತ್ತತೈತ್ರಿ. ಕಿಡಕಿನಾದ್ರೂ ತಗೀರಿ!" ಕಿಟಕಿ ತೆಗೆದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಹೊಗೆ ಹೊರಗೆ ಹೋಯಿತು, ನೆನಪು ಒಳಗೇ ಉಳಿಯಿತು. ಆ ವಾಸನೆ ಮೂಗಿಗೆ ಬಂದಾಗಲೆಲ್ಲ ನನಗೆ ಒಂದೇ ಒಂದು ಪಂಚಮಿ ನೆನಪಾಗುತ್ತದೆ: ನನ್ನ ಮಗಳು ಗಜೇಂದ್ರಗಡಕ್ಕೆ ಸಮುದ್ರದ ದೋಣಿ ತಂದ ವರ್ಷದ ಪಂಚಮಿ.

ನಾನು ಸೀರೆ ವ್ಯಾಪಾರಿ. ಊರಿನ ಕೈಮಗ್ಗದ ಸೀರೆಗಳನ್ನು ಅಜ್ಜನ ಕಾಲದಿಂದ ಮಾರುತ್ತಾ ಬಂದ ಮನೆ ನಮ್ಮದು. ಆದರೆ ನನಗೆ ಚಿಕ್ಕಂದಿನಿಂದ ರೇಡಿಯೋದ ಹುಚ್ಚು. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಅಟ್ಟದ ಮೇಲಿನಿಂದ ಊರೂರಿನವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ. ಬಜಾರಿನವರು ನನಗಿಟ್ಟ ಹೆಸರು 'ವಾಯರ್‌ಲೆಸ್ ಸಾವಕಾರ'. ಅವರು ತಮಾಷೆಗೆ ಇಟ್ಟರು, ನಾನು ಬಿರುದು ಎಂದುಕೊಂಡು ಆರಾಮವಾಗಿದ್ದೇನೆ. ಮಗಳು ವೈಶಾಲಿಗೂ ಹಟ ಹಿಡಿದು ಆ ಪರೀಕ್ಷೆ ಬರೆಸಿದೆ. ಅವಳು ಪಾಸಾದಳು. ಪರವಾನಗಿ ಚೀಲದಲ್ಲಿಟ್ಟುಕೊಂಡು ಕಾರವಾರಕ್ಕೆ ಹೋಗಿ ಕಯಾಕ್ ನಡೆಸುವುದನ್ನು ಕಲಿತಳು, ಆಮೇಲೆ ಅಲ್ಲಿಯೇ ಬೇರೆಯವರಿಗೆ ಕಲಿಸುವ ಕೆಲಸಕ್ಕೆ ನಿಂತಳು. ಕಯಾಕ್ ಎಂದರೆ ಎರಡೂ ತುದಿ ಚೂಪಾದ, ಕಾಲು ಚಾಚಿ ಕೂರುವಷ್ಟೇ ಜಾಗವಿರುವ, ಉದ್ದನೆಯ ಒಂದೇ ಹುಟ್ಟಿನಿಂದ ಎರಡೂ ಬದಿಗೆ ನೀರು ತಳ್ಳಿ ನಡೆಸುವ ದೋಣಿ. "ಅಪ್ಪಗ ಗಾಳಿ ಹುಚ್ಚು, ಮಗಳಿಗೆ ನೀರಿನ ಹುಚ್ಚು. ನನ್ನ ಪಾಲಿಗೆ ಉಳಿದದ್ದು ಒಲಿ ಒಂದ," ಎನ್ನುತ್ತಾಳೆ ನನ್ನ ಹೆಂಡತಿ.

ಪಂಚಮಿಗೆ ಇನ್ನೂ ವಾರವಿರುವಾಗಲೇ ವೈಶಾಲಿ ಬಂದಳು. ಹುಬ್ಬಳ್ಳಿಯಿಂದ ಮಾಲು ತರುವ ನಮ್ಮದೇ ಟೆಂಪೋದ ನೆತ್ತಿಯ ಮೇಲೆ ಕೆಂಪು ಬಣ್ಣದ ಕಯಾಕ್, ಒಳಗೆ ಡ್ರೈವರನ ಪಕ್ಕದಲ್ಲಿ ಅವಳು. ಬಸ್ ನಿಲ್ದಾಣದ ಹತ್ತಿರ ಟೆಂಪೋ ನಿಂತ ಕೂಡಲೇ ಜನ ಮುತ್ತಿದರು. "ಸಾವಕಾರ್ರ, ಇದು ಯಾವ ಮಿಷನ್ರೀ? ಬಿತ್ತೂದೋ, ರಾಶಿ ಮಾಡೂದೋ?" ಎಂದು ಒಬ್ಬ ಖರೇ ಆಸಕ್ತಿಯಿಂದಲೇ ಕೇಳಿದ. ದೋಣಿ ಎಂದಾಗ ಅವನು ಸುತ್ತಲಿನ ಗುಡ್ಡಗಳನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಚಹಾ ಅಂಗಡಿಗೆ ಹೋದ.

ಊಟಕ್ಕೆ ಕೂತಾಗ ಮಗಳು ವಿಷಯಕ್ಕೆ ಬಂದಳು. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ಅವಳೂ ಅವಳ ಗೆಳತಿಯರೂ ಕಾರವಾರದಿಂದ ದಂಡೆಗುಂಟ ದಕ್ಷಿಣಕ್ಕೆ ಕಯಾಕ್‌ನಲ್ಲಿ ಹೋಗುವವರಿದ್ದರು. ಅದಕ್ಕೆ ಅವಳಿಗೆ ನನ್ನಿಂದ ಎರಡು ಬೇಕಾಗಿದ್ದವು, ಒಂದು ಒಪ್ಪಿಗೆ, ಇನ್ನೊಂದು ಆಂಟೆನಾ.

"ಎರಡ್ರಾಗ ಒಂದು ಕೊಡ್ತೀನಿ," ಎಂದೆ. "ಆಂಟೆನಾ."

ನಾನು ಹೆದರಿದ್ದೆ, ಅದನ್ನು ಮುಚ್ಚಿಡಲೂ ಇಲ್ಲ. ಅವಳಿಗಿಂತ ಚೆನ್ನಾಗಿ ನನಗೆ ರೇಡಿಯೋದ ಮಿತಿ ಗೊತ್ತಿತ್ತು. ನಮ್ಮ ಕೈ ಸೆಟ್ಟಿನ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ, ಭೂಮಿಯ ದುಂಡಿನ ಆಚೆ ಬಾಗಿ ನೋಡಲಾರದು. ಕಯಾಕ್‌ನಲ್ಲಿ ಕೂತವಳ ಎದೆ ನೀರಿನಿಂದ ಗೇಣುಗಳ ಲೆಕ್ಕದಲ್ಲಿ ಮೇಲಿರುತ್ತದೆ. ಸೆಟ್ಟು ಎದೆಯ ಮೇಲೆ, ಅದರ ಆಂಟೆನಾ ಹೆಬ್ಬೆರಳಿನಷ್ಟು ರಬ್ಬರ್ ತುಂಡು, ಪಕ್ಕದಲ್ಲಿ ಅಲೆಯನ್ನು ಹೀರುವ ನಮ್ಮದೇ ಮೈ. ದಂಡೆ ಸ್ವಲ್ಪ ದೂರವಾದರೆ ಸಾಕು, ಕೂಗಿದ್ದು ಯಾರಿಗೂ ಮುಟ್ಟುವುದಿಲ್ಲ. ದೋಣಿ ಮಗುಚಿದರೆ ಯಾರಿಗೆ ಹೇಳುತ್ತಾಳೆ? ಇದನ್ನೆಲ್ಲ ಅವಳಿಗೆ ಹೇಳಿದೆ. "ಅದಕ್ಕಽ ನಿನ್ನ ಹಂತೇಕ ಬಂದೇನಿ," ಎಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು.

ಮರುದಿನದಿಂದ ಅಟ್ಟದ ಮೇಲೆ ರಾಳದ ಹೊಗೆ ಎದ್ದಿತು. ಉಪಾಯವೇನೂ ದೊಡ್ಡದಲ್ಲ. ದನಿ ದೂರ ಹೋಗಬೇಕೆಂದರೆ ಆಂಟೆನಾ ಎತ್ತರದಲ್ಲಿರಬೇಕು, ನೆಟ್ಟಗಿರಬೇಕು, ಅಳತೆ ಸರಿಯಿರಬೇಕು. ನಾವು ಮಾತಾಡುವ ಅಲೆಯ ಕಾಲು ಭಾಗದ ಉದ್ದ ದೇವರ ದಯದಿಂದ ಹೆಚ್ಚುಕಡಿಮೆ ಒಂದು ಮೊಳ ಬರುತ್ತದೆ. ಸೀರೆ ಅಳೆದು ಅಳೆದು ಪಳಗಿದ ಕೈ ನನ್ನದು, ತಂತಿಯನ್ನು ಮೊಳಕೈಗೆ ಹಚ್ಚಿ ಕತ್ತರಿಸಲು ಹೊರಟೆ. ವೈಶಾಲಿ ಕೈ ಹಿಡಿದಳು.

"ಅಪ್ಪಾ, ನಿನ್ನ ಅಂಗಡಿ ಮೊಳ ಬ್ಯಾಡ. ಟೇಪ್ ಹಿಡಿ."

"ಯಾಕವಾ, ನನ್ನ ಮೊಳಕ್ಕ ಏನಾಗೇತಿ?"

"ಗಿರಾಕಿನ್ನ ಕೇಳು, ಹೇಳ್ತಾರ."

ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಟೇಪ್ ಹಿಡಿದೆ. ಒಂದು ಮೊಳದ ತಂತಿ ಮೇಲಕ್ಕೆ, ಒಂದು ಮೊಳದ್ದು ಕೆಳಕ್ಕೆ, ನಡುವೆ ಸೆಟ್ಟಿಗೆ ಹೋಗುವ ಕೇಬಲ್. ಇದನ್ನು ವೈಶಾಲಿ ತಂದಿದ್ದ ಫೈಬರ್ ಗಾಳದ ಕೋಲಿನ ತುದಿಗೆ ಕಟ್ಟಿ, ಕೋಲನ್ನು ಕೂತವಳ ಬೆನ್ನ ಹಿಂದೆ ನಿಲ್ಲಿಸುವಂತೆ ಕಯಾಕ್‌ನಲ್ಲಿ ಒಂದು ತೂತು ಮಾಡಿದೆವು. ಕೋಲಿನ ತುಂಡುಗಳು ಒಂದರೊಳಗೊಂದು ಸೇರುತ್ತಿದ್ದವು, ಬೇಡವಾದಾಗ ಬಿಚ್ಚಿಡಬಹುದು.

ಪರೀಕ್ಷೆ ಮಾಡಲು ಸಮುದ್ರ ಬೇಕಲ್ಲ? ಇರಲಿಲ್ಲ. ಆದರೆ ನಮ್ಮ ಕಡೆಯ ಎರೆಬಯಲು ಸಮುದ್ರಕ್ಕೆ ಏನು ಕಡಿಮೆ? ಹಿಂಗಾರಿ ಜೋಳಕ್ಕೆಂದು ಖಾಲಿ ಬಿಟ್ಟಿದ್ದ ನಮ್ಮ ಹೊಲದ ನಟ್ಟನಡುವೆ ಕಯಾಕ್ ಇಳಿಸಿದೆವು. ವೈಶಾಲಿ ಲೈಫ್ ಜಾಕೆಟ್ ತೊಟ್ಟು, ಕಾಲು ಚಾಚಿ ಅದರಲ್ಲಿ ಕೂತಳು. ನೀರಿನ ಮೇಲೆ ಕೂತ ಎತ್ತರವೇ ಬರಬೇಕೆಂದು ಹಾಗೆ. ನಾನು ಸ್ಕೂಟರಿನ ಮೇಲೆ ಸೆಟ್ಟು ಹಿಡಿದು ರೋಣದ ರಸ್ತೆ ಹಿಡಿದೆ. ಮೊದಲು ರಬ್ಬರ್ ತುಂಡಿನ ಆಂಟೆನಾದಲ್ಲಿ ಮಾತಾಡಿದಳು, ನಾನು ಇನ್ನೂ ಊರಿನ ತೋಟಗಳನ್ನು ದಾಟುವುದರಲ್ಲಿ ಅವಳ ದನಿ ಹರಿದುಹೋಯಿತು. ಆಮೇಲೆ ಕೋಲಿನ ಆಂಟೆನಾ. ರೋಣದ ಅರ್ಧ ದಾರಿ ಮುಟ್ಟಿದ್ದೆ, ಆಗಲೂ ಅವಳು ಕಿವಿಯ ಪಕ್ಕದಲ್ಲೇ ಇದ್ದಳು. ಬೈಯುತ್ತಿದ್ದಳು: "ಲಗೂ ಬಾ ಅಪ್ಪಾ. ಇಲ್ಲಿ ಹೋಗೋರೆಲ್ಲಾ ನಿಂತು, 'ಯಾವೂರಿಗೆ ಹೊಂಟೀ ತಂಗಿ' ಅಂತ ಕೇಳಾಕತ್ತಾರ." ನಾನು ರಸ್ತೆಯ ಬದಿಗೆ ಸ್ಕೂಟರ್ ನಿಲ್ಲಿಸಿ ಒಬ್ಬನೇ ನಕ್ಕೆ. ಹೆಮ್ಮೆಯೂ ಆಯಿತು. ಒಪ್ಪಿಗೆ ಮಾತ್ರ ಕೊಡಲಿಲ್ಲ.

ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವುದು ಅಣ್ಣನ ಕೆಲಸ. ನನ್ನ ತಂಗಿ ಗೌರವ್ವನನ್ನು ಕೊಟ್ಟದ್ದು ರೋಣದ ಆಚೆ ಮಲಪ್ರಭೆಯ ದಂಡೆಯ ಒಂದು ಊರಿಗೆ. ಆ ವರ್ಷ ವೈಶಾಲಿಯೂ ಹೊರಟಳು, ಹೊಳೆಯಲ್ಲಿ ಆಂಟೆನಾ ನೋಡಬಹುದೆಂದು ಕಯಾಕ್ ಕೂಡ ಹೊರಟಿತು. ಹೆಂಡತಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಡಬ್ಬಿಗೆ ತುಂಬಿದಳು. ಟೆಂಪೋದಲ್ಲಿ ನನ್ನ ದೊಡ್ಡ ಸೆಟ್ಟೂ ಇತ್ತು; ಅದು ಗಾಡಿಯ ಬ್ಯಾಟರಿಯ ಮೇಲೆ ನಡೆಯುತ್ತದೆ, ಅದಿಲ್ಲದೆ ನಾನು ಊರು ಬಿಡುವುದಿಲ್ಲ.

ದಾರಿಯುದ್ದಕ್ಕೂ ಬಿಸಿಲು. ನಮ್ಮ ಭಾಗದಲ್ಲಿ ಮೋಡವೂ ಇರಲಿಲ್ಲ. ಮಳೆ ಸುರಿದಿದ್ದು ಮೇಲೆ ಎಲ್ಲೋ ಕಾಡಿನಲ್ಲಿ. ಹೊಳೆದಂಡೆಯವರಿಗೆ ಪ್ರವಾಹ ಎಂದರೆ ಹಾಗೆಯೇ, ತಲೆಯ ಮೇಲೆ ಬಿಸಿಲು, ಕಾಲ ಬುಡದಲ್ಲಿ ನೀರು. ನಾವು ಊರು ಮುಟ್ಟಿದಾಗ ಊರಬಾಗಿಲ ಅಗಸಿಯಲ್ಲಿ ಇದೇ ಮಾತು: "ಡ್ಯಾಂ ನೀರು ಬಿಟ್ಟಾರಂತ." ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹೊಳೆ ತನ್ನ ದಂಡೆ ಬಿಟ್ಟು, ಹೊಲಗಳನ್ನು ದಾಟಿ, ಅಗಸಿಯ ಹತ್ತಿರ ಬಂದು ನಿಂತಿತ್ತು. ಕರೆಂಟ್ ಹೋಗಿತ್ತು, ಅದರ ಹಿಂದೆಯೇ ಮೊಬೈಲ್ ಟವರೂ ಸತ್ತಿತ್ತು. ತಗ್ಗಿನ ಮನೆಗಳವರು ಗಂಟು ಕಟ್ಟಿಕೊಂಡು ಎತ್ತರದಲ್ಲಿದ್ದ ಹನಮಪ್ಪನ ಗುಡಿಯ ಕಡೆಗೂ ಶಾಲೆಯ ಕಡೆಗೂ ನಡೆದರು. ಗುಡಿಯ ಮುಂದಿನ ದೊಡ್ಡ ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದರು, ಮಕ್ಕಳು ಅಷ್ಟು ಗದ್ದಲದಲ್ಲೂ ಅದರಲ್ಲಿ ಜೀಕುತ್ತಿದ್ದರು.

ಎಲ್ಲರೂ ಬಂದರು, ತೋಟದ ಮನೆಯ ಈರಪ್ಪಜ್ಜ ಮತ್ತು ಅವನ ಹೆಂಡತಿ ಸಂಗವ್ವಜ್ಜಿ ಮಾತ್ರ ಬರಲಿಲ್ಲ. ಅವರ ಮನೆ ಹೊಳೆಯ ಕಡೆಗೆ, ಹೊಲಗಳ ನಡುವೆ ಇತ್ತು. ಸರ್ಕಾರದ ದೋಣಿ ಬೇರೆ ಊರುಗಳಲ್ಲಿ ಓಡಾಡುತ್ತಿತ್ತು, ನಮ್ಮ ಕಡೆಗೆ ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ವೈಶಾಲಿ ಅಗಸಿಯಲ್ಲಿ ನಿಂತು ಬಹಳ ಹೊತ್ತು ನೀರು ನೋಡಿದಳು. ಒಂದು ಒಣ ಕಟ್ಟಿಗೆ ಎಸೆದು, ಅದು ಯಾವ ಕಡೆ ಹೋಗುತ್ತದೆ ಎಂದು ನೋಡಿದಳು. ಆಮೇಲೆ ಟೆಂಪೋದ ಮೇಲಿನ ಹಗ್ಗ ಬಿಚ್ಚತೊಡಗಿದಳು.

"ಏನ್ ಮಾಡಾಕತ್ತೀ?" ಎಂದೆ.

"ಇಲ್ಲಿ ನೀರು ನಿಂತೈತಿ ಅಪ್ಪಾ, ಸೆಳವಿಲ್ಲ. ಸೆಳವು ಆ ಜಾಲಿ ಗಿಡದ ಆಚಿಗೈತಿ, ಅಲ್ಲಿಗೆ ನಾ ಹೋಗಂಗಿಲ್ಲ. ತೋಟದ ಮನಿತನಾ ಹೋಗಿ ನೋಡಿ ಬರ್ತೀನಿ."

ಬೇಡ ಎಂದೆ. ಇನ್ನೊಮ್ಮೆ ಬೇಡ ಎಂದೆ. ಅವಳು ಲೈಫ್ ಜಾಕೆಟಿನ ಪಟ್ಟಿ ಬಿಗಿಯುತ್ತಾ, "ಇದು ನನ್ನ ಕೆಲಸ. ನೀ ಸೀರಿ ಮಾರೂ ಮುಂದ ನಾ ಬ್ಯಾಡ ಅಂತೀನೇನು?" ಎಂದಳು. ಗಾಳದ ಕೋಲನ್ನು ನಿಲ್ಲಿಸಿ ಕೇಬಲ್ ಜೋಡಿಸಿಕೊಟ್ಟೆ. ಕೆಂಪು ಕಯಾಕ್ ಗೋವಿನಜೋಳದ ದಂಟುಗಳ ಮೇಲಿನ ಕಂದು ನೀರಿನಲ್ಲಿ ಸದ್ದಿಲ್ಲದೆ ಹೋಯಿತು.

ಅಗಸಿಯಲ್ಲಿ ಮನೆಗಳ ನಡುವೆ ನಿಂತ ಟೆಂಪೋದಿಂದಲೇ ಮಾತಾಡುತ್ತಿದ್ದೆ. ತೋಟದ ಮನೆ ಕಂಡಿತು ಎಂದಳು, ಮಾಳಿಗೆಯ ಮೇಲೆ ಯಾರೋ ಇದ್ದಾರೆ ಎಂದಳು. ಅಷ್ಟರಲ್ಲಿ ಟ್ರ್ಯಾಕ್ಟರಿನಿಂದ ಕಾಳಿನ ಚೀಲ ಇಳಿಸಲು ಆಳು ಸಾಲದೆಂದು ಶಾಲೆಯ ಕಡೆಯಿಂದ ಕರೆದರು. ಸೆಟ್ಟಿನ ಮೈಕನ್ನು ಗೌರವ್ವನ ಕೈಗೆ ಕೊಟ್ಟು, ಗುಂಡಿ ಒತ್ತಿ ಮಾತಾಡುವುದು, ಬಿಟ್ಟು ಕೇಳುವುದು ಎಂದು ತೋರಿಸಿ ಹೋದೆ. ತಿರುಗಿ ಬಂದಾಗ ತಂಗಿಯ ಮುಖ ಅರಳಿತ್ತು.

"ಮಾತಾಡಿದ್ಲಣ್ಣಾ! ಗರಗರ ಅಂತಿತ್ತು, ಆದ್ರೂ ಕೇಳ್ತು. ಅಜ್ಜಿ ಆರಾಮ ಅದಾಳಂತ. 'ಬರ್ತೀನಿ ಅತ್ತಿ' ಅಂದ್ಲು."

ಸುತ್ತ ನಿಂತವರೆಲ್ಲ ಉಸಿರು ಬಿಟ್ಟರು. ಯಾರೋ ಚಹಾಕ್ಕೆ ಇಟ್ಟರು. ನಾನು ಡಬ್ಬಿ ತೆರೆದು ಉಂಡಿ ಹಂಚಿದೆ. ಆ ಹೊತ್ತಿಗೆ ಸರಿಯಾಗಿ ಸರ್ಕಾರದ ರಬ್ಬರ್ ದೋಣಿ ಮೋಟಾರು ಸದ್ದು ಮಾಡುತ್ತಾ ಅಗಸಿಗೆ ಬಂತು. ಯಾರಾದರೂ ಸಿಕ್ಕಿಬಿದ್ದಿದ್ದಾರಾ ಎಂದು ದೋಣಿಯವರು ಕೇಳಿದರು. "ಇದ್ದವರು ಬರಾಕತ್ತಾರ್ರೀ, ನಮ್ಮ ಹುಡುಗಿ ಕರಕೊಂಡು ಬರಾಕತ್ತಾಳ. ನೀವು ಮುಂದಿನೂರಿಗೆ ಹೋಗ್ರಿ, ಅಲ್ಲಿ ಮಂದಿ ಭಾಳ ಐತಿ," ಎಂದು ಹತ್ತು ಬಾಯಿ ಒಟ್ಟಿಗೆ ಹೇಳಿದವು. ಅದರಲ್ಲಿ ನನ್ನದೂ ಒಂದು. ದೋಣಿ ಹೊರಟುಹೋಯಿತು.

ಚಹಾ ಮುಗಿಯಿತು. ಕಯಾಕ್ ಕಾಣಲಿಲ್ಲ. ತೋಟದ ಮನೆಯಿಂದ ಎರಡು ಸಲ ಬಂದು ಹೋಗುವಷ್ಟು ಹೊತ್ತು ಕಳೆಯಿತು. ನಾನು ಸೆಟ್ಟಿನಲ್ಲಿ ಕರೆದೆ, ಉತ್ತರವಿಲ್ಲ. ಸಂಗವ್ವಜ್ಜಿ ಬಹಳ ನಿಧಾನ, ಮಾಳಿಗೆಯಿಂದ ಇಳಿಸಲು ತಡವಾಗಿರಬೇಕು ಎಂದು ಯಾರೋ ಹೇಳಿದರು. ಗೌರವ್ವನ ಕೈಯಲ್ಲಿದ್ದ ಉಂಡಿ ಹಾಗೆಯೇ ಇತ್ತು. ಆಮೇಲೆ ಮೆಲ್ಲಗೆ ನನ್ನ ತೋಳು ಹಿಡಿದಳು.

"ಅಣ್ಣಾ... ಆಕಿ 'ಬರ್ತೀನಿ' ಅಂದದ್ದು, ಬರ್ತೀನಿ ಅಂತ ಹೌದಲ್ಲೋ?"

ನಮ್ಮ ಮನೆಗಳಲ್ಲಿ ಹೊರಡುವವರು 'ಹೋಗ್ತೀನಿ' ಎನ್ನುವಂತಿಲ್ಲ. ಅದು ಅಪಶಕುನ. ಹೊಸ್ತಿಲು ದಾಟುವವನು, ಬಸ್ ಹತ್ತುವವನು, ದವಾಖಾನೆಗೆ ಹೋಗುವವನು ಕೂಡ 'ಬರ್ತೀನಿ' ಎಂದೇ ಹೇಳಬೇಕು. ಬಾಯಿ ತಪ್ಪಿ 'ಹೋಗ್ತೀನಿ' ಎಂದವನನ್ನು ಓಣಿಯ ತುದಿಯಿಂದ ವಾಪಸ್ ಕರೆದು, 'ಬರ್ತೀನಿ' ಅನ್ನಿಸಿ ಕಳಿಸುವವಳು ಇದೇ ಗೌರವ್ವ. ವೈಶಾಲಿಗೆ ಚಿಕ್ಕಂದಿನಲ್ಲಿ ಅದನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ಕಲಿಸಿದವಳೂ ಇವಳೇ. ಅತ್ತೆಯ ದನಿ ಕೇಳಿ ಹುಡುಗಿ ಅಭ್ಯಾಸದಂತೆ ಹೇಳಿದ್ದಾಳೆ. ಅವಳು ವಾಪಸ್ ಬರುತ್ತಿರಲಿಲ್ಲ. ಎಲ್ಲಿಗೋ ಹೊರಟಿದ್ದಳು. ಎಲ್ಲಿಗೆ ಎಂಬ ಮಾತು ಗರಗರದಲ್ಲಿ ಮುಳುಗಿ, ಕೊನೆಯ 'ಬರ್ತೀನಿ ಅತ್ತಿ' ಒಂದೇ ತೇಲಿ ಬಂದಿತ್ತು. ಅದನ್ನು ನಂಬಿ ನಾವು ದೋಣಿಯನ್ನು ಕಳಿಸಿಬಿಟ್ಟಿದ್ದೆವು.

ಗೌರವ್ವ ಅಳಲು ಶುರುಮಾಡಿದಳು. ನಾನು ಅಳಲಿಲ್ಲ, ಸೆಟ್ಟಿನ ಗುಂಡಿ ಒತ್ತಿ ಹಿಡಿದೆ. ನನ್ನದು ದೊಡ್ಡ ಸೆಟ್ಟು, ಅವಳದು ಸಣ್ಣದು. ಅವಳ ದನಿ ನನಗೆ ಮುಟ್ಟದಿದ್ದರೂ ನನ್ನದು ಅವಳಿಗೆ ಮುಟ್ಟುತ್ತಿರಬಹುದು. ಆ ಒಂದು 'ಬಹುದು' ಹಿಡಿದುಕೊಂಡು ಮಾತಾಡತೊಡಗಿದೆ. ಮೊದಲು ನಿಯಮದ ಪ್ರಕಾರ ಕರೆದೆ. ಆಮೇಲೆ ನಿಯಮ ಬಿಟ್ಟೆ. ಬೈದೆ. "ಎಲ್ಲಿ ಸಾಯಾಕ ಹೋಗೀದಿ" ಎಂದೆ, ತಕ್ಷಣ "ಬಿಡ್ತು ಅನ್ನು" ಎಂದು ನನಗೆ ನಾನೇ ಹೇಳಿಕೊಂಡೆ, ಅದೂ ಗಾಳಿಯಲ್ಲಿ ಹೋಯಿತು. ಅವಳು ಹುಟ್ಟಿದ ದಿನ ಅಂಗಡಿ ಮುಚ್ಚಿ ಬಜಾರಿಗೆಲ್ಲ ಪೇಡೆ ಹಂಚಿದ್ದನ್ನು ಹೇಳಿದೆ. ಅವಳಮ್ಮನಿಗೆ ನಾನು ಯಾವ ಮುಖ ತೋರಿಸಲಿ ಎಂದು ಕೇಳಿದೆ. ಸುತ್ತ ಊರು ನಿಂತಿತ್ತು, ನನಗೆ ನಾಚಿಕೆಯೇ ಆಗಲಿಲ್ಲ. ಕೊನೆಗೆ, "ನಿನಗ ಸಮುದ್ರಕ್ಕ ಹೋಗಬೇಕೇನು? ಹೋಗವಾ. ಇಡೀ ದಂಡಿ ತಿರುಗಿ ಬಾ. ನಾ ಬ್ಯಾಡ ಅನ್ನಂಗಿಲ್ಲ. ಮೊದ್ಲ ಈ ಹೊಳಿಯಿಂದ ಎದ್ದು ಬಾ," ಎಂದೆ. ಗುಂಡಿ ಬಿಟ್ಟು ಕೇಳಿದೆ. ಬರೀ ಗರಗರ.

ಬರೀ ಬೈಯುತ್ತಾ ಕೂತರೆ ದನಿ ಉದ್ದ ಬೆಳೆಯುವುದಿಲ್ಲ ಎಂಬ ಬುದ್ಧಿ ಆಮೇಲೆ ಬಂತು. ಅವಳ ದನಿ ನನಗೆ ಕೇಳಬೇಕಾದರೆ ನನ್ನ ಕಿವಿಯನ್ನು ಮೇಲೆತ್ತಬೇಕು. ನನ್ನ ಆಂಟೆನಾ ಟೆಂಪೋದ ನೆತ್ತಿಯ ಮೇಲಿತ್ತು, ಸುತ್ತ ಮನೆಗಳ ಗೋಡೆ. ಎತ್ತರ ಬೇಕು. ಇಷ್ಟು ಚಪ್ಪಟೆ ನಾಡಿನಲ್ಲಿ ಎತ್ತರ ಎಲ್ಲಿಂದ ತರುವುದು? ಗುಡಿಯ ಕಡೆ ನೋಡಿದೆ.

"ಬೇವಿನ ಗಿಡದ ಮ್ಯಾಲ ಯಾರ್ ಹತ್ತತೀರಿ?" ಎಂದು ಕೂಗಿದೆ.

"ಯಾರೂ ಹತ್ತೂದು ಬ್ಯಾಡ," ಎಂದಳು ಗೌರವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಜೋಕಾಲಿ ಹಗ್ಗ ತುದಿ ಟೊಂಗಿ ಮ್ಯಾಲಽ ಐತಿ. ಕೆಳಗ ಗಂಟು ಬಿಚ್ಚಿ, ಒಂದ್ ತುದಿಗೆ ನಿಂದು ಕಟ್ಟು, ಇನ್ನೊಂದು ತುದಿ ಜಗ್ಗು. ಏರತೈತಿ."

ಟೆಂಪೋವನ್ನು ಗುಡಿಯ ಮುಂದೆ ತಂದೆ. ತಂಗಿಯ ಮನೆಯ ಮಾಳಿಗೆಯ ಮೇಲಿನಿಂದ ಡಿಶ್ ಟೀವಿಯ ಕೇಬಲ್ ಕಿತ್ತು ತಂದರು. ಕರೆಂಟಿಲ್ಲದ ಮನೆಯಲ್ಲಿ ಟೀವಿ ಯಾರಿಗೆ ಬೇಕು? ಸೋಲ್ಡರ್ ಹಾಕುವ ಹಾಗಿರಲಿಲ್ಲ. ಟೇಪ್ ಹುಡುಕುವ ತಾಳ್ಮೆಯೂ ಇರಲಿಲ್ಲ. ಕೇಬಲಿನ ತುದಿಯನ್ನು ಮೊಳಕೈಗೆ ಹಚ್ಚಿ ಅಳೆದೆ, ಹಲ್ಲಿನಿಂದ ಸಿಪ್ಪೆ ಸುಲಿದೆ. ಒಳಗಿನ ತಂತಿ ಒಂದು ಮೊಳ ಮೇಲಕ್ಕೆ, ಹೊರಗಿನ ಜಾಲರಿ ತಂತಿ ಒಂದು ಮೊಳ ಕೆಳಕ್ಕೆ. ದೇವರಾಣೆ, ಆ ದಿನ ನನ್ನ ಮೊಳದಲ್ಲಿ ಒಂದು ದಾರದೆಳೆಯಷ್ಟೂ ಕಡಿಮೆ ಬೀಳಲಿಲ್ಲ. ಒಂದು ಕೋಲಿಗೆ ಕಟ್ಟಿ, ಹಗ್ಗದ ತುದಿಗೆ ಬಿಗಿದೆವು. ಜೀಕುತ್ತಿದ್ದ ಹುಡುಗಿಯರೇ ಇನ್ನೊಂದು ತುದಿ ಹಿಡಿದು ಜಗ್ಗಿದರು. ಆಂಟೆನಾ ಎಲೆಗಳನ್ನು ಸವರುತ್ತಾ, ಗುಡಿಯ ಶಿಖರ ದಾಟಿ, ಮೇಲಿನ ಟೊಂಗೆಯ ತನಕ ಹೋಗಿ ನೆಟ್ಟಗೆ ನಿಂತಿತು.

ಸೆಟ್ಟಿಗೆ ಕೇಬಲ್ ಜೋಡಿಸಿದೆ. "ವೈಶೂ, ನಿನಗ ಕೇಳತಿದ್ರ ಒಮ್ಮೆ ಗುಂಡಿ ಒತ್ತವಾ." ಒಂದು ಕ್ಷಣ ಗರಗರ ನಿಂತು, ಮತ್ತೆ ಶುರುವಾಯಿತು. ಯಾರೋ ಗುಂಡಿ ಒತ್ತಿದ ಸದ್ದು ಅದು. ನಾನು ಸೆಟ್ಟಿಗೆ ಕಿವಿ ಒತ್ತಿ ಹಿಡಿದೆ. ಆಮೇಲೆ ಅವಳ ದನಿ ಬಂತು, ಸಣ್ಣದು, ಆದರೆ ಸ್ವಚ್ಛ.

"ಅಪ್ಪಾ, ತೋಟದ ಆಚಿ ಪಂಪಿನ ಮನಿ ಮ್ಯಾಲ ಅದೀನಿ. ಈರಪ್ಪಜ್ಜ ನನ್ನ ಸಂಗಾಟ ಅದಾನ. ಎಮ್ಮಿ ಬಿಚ್ಚಾಕ ಬಂದು ಕಾಲು ಮುರಕೊಂಡಾನ. ಕಯಾಕ್‌ನ್ಯಾಗ ಕುಂದ್ರಾಕ ಆಗಂಗಿಲ್ಲ. ದೊಡ್ಡ ದೋಣಿ ಕಳಸು. ಅಜ್ಜಿ ತೋಟದ ಮಾಳಗಿ ಮ್ಯಾಲ ಅದಾಳ, ಆಕಿನ್ನೂ ಕರಕೊಳ್ಳಬೇಕು. ಅವಸರ ಇಲ್ಲ, ಲಗೂ ಬಂದ್ರ ಚಲೋ."

ನಾನು ಉತ್ತರ ಕೊಡುವ ಮೊದಲೇ ಇನ್ನೊಂದು ದನಿ ನಡುವೆ ಬಂತು. ನರಗುಂದದ ನಿವೃತ್ತ ಮಾಸ್ತರು, ನನ್ನ ಗಾಳಿಯ ಗೆಳೆಯರು. ಗುಡ್ಡದ ಇಳಿಜಾರಿನ ಮನೆಯಲ್ಲಿ ಕೂತು ಆ ದಿನವೆಲ್ಲ ಪ್ರವಾಹದೂರುಗಳ ಸುದ್ದಿಗೆ ಕಿವಿ ತೆರೆದಿಟ್ಟಿದ್ದರಂತೆ. ನನ್ನ ಆಂಟೆನಾ ಮರ ಏರಿದ್ದರಿಂದ ಅವರಿಗೂ ನಾನು ಕೇಳಿಸಿದ್ದೆ. "ಸಾವಕಾರ್ರ, ನೀವು ಮಗಳ ಸಂಗಾಟ ಮಾತಾಡ್ರಿ. ದೋಣಿ ಮಂದಿಗೆ ನಾ ಸುದ್ದಿ ಮುಟ್ಟಸ್ತೀನಿ," ಎಂದರು. ಮುಟ್ಟಿಸಿದರು ಕೂಡ. ಬಿಸಿಲು ಇಳಿಯುವ ಮೊದಲೇ ಆ ಮೋಟಾರಿನ ಸದ್ದು ಮತ್ತೆ ಕೇಳಿಸಿತು.

ದೋಣಿ ಅಗಸಿಗೆ ಬಂದಾಗ ಅದರಲ್ಲಿ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಅಜ್ಜನ ತಲೆ. ಎಮ್ಮೆಗಳು ಬಿಚ್ಚಿದ ಕೂಡಲೇ ಈಜಿಕೊಂಡು ಯಾವಾಗಲೋ ದಂಡೆ ಸೇರಿದ್ದವಂತೆ. ದೋಣಿಯ ಹಿಂದೆ ಕೆಂಪು ಕಯಾಕ್, ಯಾವ ಅವಸರವೂ ಇಲ್ಲದ ಹಾಗೆ. ಬೆನ್ನ ಹಿಂದೆ ನಿಂತಿರಬೇಕಾದ ಗಾಳದ ಕೋಲು ಇರಲಿಲ್ಲ. ಅದು ತುಂಡು ತುಂಡಾಗಿ ಈರಪ್ಪಜ್ಜನ ಕಾಲಿನ ಎರಡೂ ಬದಿಗೆ, ನನ್ನ ಮಗಳ ದುಪಟ್ಟಾದಿಂದ ಬಿಗಿದು ಕಟ್ಟಿತ್ತು. ದಿನಗಟ್ಟಲೆ ಕೂತು ಸಮುದ್ರಕ್ಕೆಂದು ಕಟ್ಟಿದ ಆಂಟೆನಾ ಮುದುಕನ ಮುರಿದ ಕಾಲು ಹಿಡಿದು ನಿಂತಿತ್ತು. ಅವಳ ದನಿ ಯಾಕೆ ನಿಂತಿತು ಎಂದು ಆಗ ಗೊತ್ತಾಯಿತು. ಅಜ್ಜ ನೋವಿನಲ್ಲೂ ನನ್ನನ್ನು ನೋಡಿ, "ಸಾವಕಾರ್ರ, ನಿಮ್ಮ ಸಾಮಾನು ಭಾಳ ಗಟ್ಟಿ ಐತಿ," ಎಂದ.

ಗೌರವ್ವ ಅಣ್ಣನ ಮಗಳನ್ನು ಅಪ್ಪಿಕೊಂಡು, ಒದ್ದೆ ಬೆನ್ನಿನ ಮೇಲೆ ಎರಡು ಗುದ್ದಿದಳು. "ಇನ್ನ ಮ್ಯಾಲ ಎಲ್ಲಿಗೆ ಅಂತ ಮೊದ್ಲ ಹೇಳು. ಬರ್ತೀನಿ ಅನ್ನೂದು ಆಮ್ಯಾಲ!" ನಾನು ನನ್ನ ಸರದಿಗೆ ಕಾದೆ. ಜನ ಚದುರಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕೂತೆವು. ಅವಳು ಸೆಟ್ಟನ್ನು ನನ್ನ ಕೈಗಿಟ್ಟಳು. ಸತ್ತಿತ್ತು.

"ಬ್ಯಾಟರಿ ಮುಗದೈತಿ," ಎಂದಳು. "ದೋಣಿಯವರು ಬರೂ ದಾರಿ ನಿನಗ ಹೇಳಿ ಮುಗಸೂದ್ರಾಗ ಆರಿತು."

"ಅದಕ್ಕಿಂತ ಮೊದ್ಲ ಯಾಕ ಒಂದೂ ಮಾತಾಡಲಿಲ್ಲ?"

"ಮಾತಾಡಿದೆ. ನಿನಗ ಮುಟ್ಟಲಿಲ್ಲ. ಮಾತಾಡಿದ್ರ ಬ್ಯಾಟರಿ ಲಗೂ ಹೋಗತೈತಿ, ಕೇಳಿದ್ರ ತಡದು ಹೋಗತೈತಿ ಅಂತ ನೀನಽ ಕಲಿಸಿದ್ದಿ. ಅದಕ್ಕ ಸುಮ್ನ ಕೇಳಕೋತ ಕುಂತೆ."

"ಅಂದ್ರ, ನಾ ಅಂದದ್ದೆಲ್ಲಾ ಕೇಳ್ತೇನು?"

"ಪೇಡೆದ್ದೂ ಕೇಳ್ತು. ಸಮುದ್ರದ್ದೂ ಕೇಳ್ತು."

ನನಗೆ ಸಿಟ್ಟು, ನಾಚಿಕೆ, ಸಂತೋಷ ಎಲ್ಲ ಒಟ್ಟಿಗೇ ಬಂದವು. ಏನಾದರೂ ತಪ್ಪು ಹುಡುಕಲೇಬೇಕಾಗಿತ್ತು. "ಇಷ್ಟೆಲ್ಲಾ ತಿಳೀತೈತಿ, ನಡುನಡುವ ಆರಿಸಿ ಇಟ್ಟಿದ್ರ ಇನ್ನೂ ಬ್ಯಾಟರಿ ಉಳೀತಿತ್ತಿಲ್ಲೋ?" ಎಂದೆ.

ವೈಶಾಲಿ ಕಾಲಿಗಂಟಿದ ಎರೆಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ಉಳೀತಿತ್ತು," ಎಂದಳು. "ಆದ್ರ ನನಗೂ ಅಂಜಿಕಿ ಬಂದಿತ್ತಪ್ಪಾ. ನೀ ಬೈಯೂದು ಕೇಳತಿತ್ತು ನೋಡು, ಅದಕ್ಕಽ ಆರಸದ ಕುಂತಲ್ಲೇ ಕುಂತಿದ್ದೆ."

ಆಮೇಲೆ ಸಮುದ್ರದ ಬಗ್ಗೆ ನಾನು ವಾದ ಮಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಅವಳು ಗೆಳತಿಯರೊಡನೆ ಕಾರವಾರದಿಂದ ಹೊರಟಳು. ನಾನು ದಂಡೆಯ ಒಂದು ಎತ್ತರದ ಗುಡ್ಡ ಹತ್ತಿ, ಸೆಟ್ಟು ಎದುರಿಗಿಟ್ಟುಕೊಂಡು, ಕೆಂಪು ಚುಕ್ಕೆ ಕಾಣುವ ತನಕ ಮತ್ತು ಕಾಣದಾದ ಮೇಲೂ, ಇಡೀ ದಿನ ಅವಳನ್ನು ಬೈಯುತ್ತಾ ಕೂತೆ.